ಸಭೆಯೆಂದರೆ ಅಂಗಳದಲ್ಲಿ ಕುಳಿತವರು

ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಎಲ್ಲ ಕೆಡತೊಡಗಿತು. ವೇಳೆ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ವಕೀಲರೇ ಕಾರಣ. ಅವರು ಭಾಷಣಕ್ಕೆ ನಿಂತು ಆಗಲೇ ಬಹಳ ಹೊತ್ತಾಗಿತ್ತು. ನಾನು ಬಿದಿರಿನ ಪರದೆಯ ಸಂದಿಯಿಂದ ಎದುರುಗೋಡೆಯ ಗಡಿಯಾರವನ್ನೇ ನೋಡುತ್ತ ಕುಳಿತಿದ್ದೆ. ಸ್ತ್ರೀಯು ಸಮಾಜವೆಂಬ ಸೌಧದ ಆಧಾರಸ್ತಂಭ ಎಂದು ಅವರು ಕೆಳಗಿನಿಂದ ಸಾರಿದರು. ಅದೇ ಹೊತ್ತಿಗೆ ನಾನು ಕುಳಿತ ಹಲಗೆಯ ಕೆಳಗೆ ಏನೋ ಟಕ್ಕೆಂದಿತು.

ದೊಡ್ಡ ಸದ್ದೇನಲ್ಲ. ಕಬ್ಬು ಮುರಿದಂತೆ, ಅಷ್ಟೇ. ಆದರೆ ಹಲಗೆ ಎರಡು ಬೆರಳಿನಷ್ಟು ಕೆಳಗೆ ಇಳಿಯಿತು. ಗೋಡೆಗೂ ನೆಲಕ್ಕೂ ನಡುವೆ ಸಂದು ಬಿಟ್ಟುಕೊಂಡು, ಅಲ್ಲಿಂದ ಕೆಳಗಿನ ಪಡಸಾಲೆಯಲ್ಲಿ ಸಾಲಾಗಿ ಬಿಟ್ಟಿದ್ದ ಗಂಡಸರ ಚಪ್ಪಲಿಗಳು ಕಾಣಿಸಿದವು. ನನ್ನ ಸುತ್ತ ನೂರರ ಹತ್ತಿರ ಹೆಂಗಸರು ಕುಳಿತಿದ್ದರು. ಯಾರಿಗೂ ಗೊತ್ತಾಗಲಿಲ್ಲ. ಪಕ್ಕದವರು ನನ್ನ ಅಂಗೈಗೆ ಕುಸುರೆಳ್ಳು ಹಾಕಿ, ಈ ಸಲ ಪಾಕ ಸ್ವಲ್ಪ ಗಟ್ಟಿಯಾಯಿತು ಎಂದು ಪೇಚಾಡಿದರು.

ಸ್ವಾತಂತ್ರ್ಯ ಬರುವುದಕ್ಕೆ ಮೊದಲಿನ ಸಂಕ್ರಾಂತಿ ಅದು. ಪುಣೆಯ ಶನಿವಾರ ಪೇಟೆಯಲ್ಲಿ ಇಳಕಲ್ ಸೀರೆ ವ್ಯಾಪಾರಿಯೊಬ್ಬರ ಹಳೆಯ ವಾಡೆಯಿತ್ತು. ನಡುವೆ ಅಂಗಳ, ಸುತ್ತ ಪಡಸಾಲೆ, ಅದರ ಮೇಲೆ ಮರದ ತೊಲೆಗಳ ಮೇಲೆ ನಿಂತ ಉದ್ದನೆಯ ಮೊಗಸಾಲೆ. ಇದಕ್ಕೆ ಅಲ್ಲಿ ಸಜ್ಜಾ ಎನ್ನುತ್ತಿದ್ದರು. ಪುಣೆಯಲ್ಲಿ ನೆಲೆಸಿದ ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯ ಜನ, ಅಂದರೆ ವ್ಯಾಪಾರಿಗಳು, ಮಾಸ್ತರರು, ಖಡಕಿಯ ಕಾರಖಾನೆಯ ಗುಮಾಸ್ತರು, ಎಲ್ಲರೂ ಕನ್ನಡ ಮಾತಾಡಬೇಕೆನಿಸಿದಾಗ ಸೇರುತ್ತಿದ್ದದ್ದು ಅಲ್ಲೇ. ಗಂಡಸರು ಅಂಗಳದ ಜಮಖಾನೆಯ ಮೇಲೆ, ಹೆಂಗಸರು ಸಜ್ಜಾದಲ್ಲಿ ಪರದೆಯ ಹಿಂದೆ. ಕೆಳಗೆ ಕೂಡಬೇಡಿ ಎಂದು ಹೆಂಗಸರಿಗೆ ಯಾರೂ ಹೇಳಿರಲಿಲ್ಲ. ಕೂತವರೂ ಇರಲಿಲ್ಲ, ಅಷ್ಟೇ.

ದೆಹಲಿಯಲ್ಲಿ ಹೊಸ ಸಂವಿಧಾನ ಬರೆಯಲು ಆಗಷ್ಟೇ ಕುಳಿತಿದ್ದರು. ದೇಶದಲ್ಲಿ ಎಲ್ಲರೂ ಅವರಿಗೊಂದು ಬೇಡಿಕೆ ಕಳಿಸುತ್ತಿದ್ದ ಕಾಲ. ವಾಡೆಯಲ್ಲಿ ಸೇರುವ ನಮ್ಮ ಕನ್ನಡ ಮಂಡಳಿಗೂ ಹುರುಪು ಬಂತು. ಕನ್ನಡನಾಡು ಒಂದಾಗಬೇಕು ಎಂಬುದರಿಂದ ಹಿಡಿದು ಪುಣೆಯಲ್ಲೊಂದು ಕನ್ನಡ ಶಾಲೆ ಬೇಕು ಎಂಬುದರವರೆಗೆ ಮಂಡಳಿ ನಡೆಸುತ್ತಿದ್ದ ವಕೀಲರು ಠರಾವು ತಯಾರಿಸಿದರು. ನನ್ನ ಸೋದರತ್ತೆ ಅದಕ್ಕೆ ಒಂದೇ ಒಂದು ವಾಕ್ಯ ಸೇರಿಸಿರೆಂದು ಕೇಳಿದಳು: ಹೊಸ ಕಾಯ್ದೆಯಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲದೆ ಹಕ್ಕು ಸಮನಾಗಿರಬೇಕು, ಮತ್ತು ಕಾಯ್ದೆ ಮಾಡುವ ಸಭೆಗಳಲ್ಲಿ ಹೆಣ್ಣುಮಕ್ಕಳೂ ಕೂಡಬೇಕು.

ಅತ್ತೆ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಶಿಕ್ಷಕಿ. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡ ತೀರಿಕೊಂಡಿದ್ದ. ಅಣ್ಣನ ಮಗಳಾದ ನನ್ನನ್ನು ಧಾರವಾಡದಿಂದ ಕರೆಸಿ, ಎರಡು ಕೋಣೆಯ ಬಿಡಾರದಲ್ಲಿ ಇಟ್ಟುಕೊಂಡು ಬಿ.ಎ. ಓದಿಸಿದ್ದಳು. ಆ ಒಂದು ವಾಕ್ಯಕ್ಕಾಗಿ ಅವಳು ವಕೀಲರ ಮನೆಗೆ ಎಷ್ಟು ಸಲ ಹೋದಳೆಂದರೆ, ವಕೀಲರ ಹೆಂಡತಿ ಕೇಳದೆಯೇ ಅವಳಿಗೆ ಚಹಕ್ಕೆ ಸಕ್ಕರೆ ಕಡಿಮೆ ಹಾಕುವುದನ್ನು ಕಲಿತರು.

ವಕೀಲರು ಒಳ್ಳೆಯವರು. ಹೆಣ್ಣನ್ನು ಹೊಗಳುವುದರಲ್ಲಿ ಅವರಷ್ಟು ಉದಾರಿಗಳನ್ನು ನಾನು ಕಂಡಿಲ್ಲ. ಆ ಹಕ್ಕು ನಮ್ಮ ಸಂಸ್ಕೃತಿಯಲ್ಲಿ ಇದ್ದೇ ಇದೆಯಲ್ಲ, ಬರೆದು ಅದನ್ನು ಸಣ್ಣದು ಮಾಡುವುದೇಕೆ ಎನ್ನುವುದು ಅವರ ವಾದ.

"ಇದ್ದರ ಛಲೋನ ಆತಲ್ರಿ," ಅಂದಳು ಅತ್ತೆ. "ಇದ್ದದ್ದನ್ನ ಬರೀಲಿಕ್ಕೆ ಮಸಿ ಎಷ್ಟು ಹತ್ತತದ?"

ಕೊನೆಗೆ ಅವರು ಸಭೆಯೇ ತೀರ್ಮಾನಿಸಲಿ ಎಂದರು. ಹಾಗಾದರೆ ಹೆಂಗಸರೂ ಕೈಯೆತ್ತಬಹುದಲ್ಲ ಎಂದು ಅತ್ತೆ ಕೇಳಿದಳು. ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಕಾಯ್ದೆಯ ಮಾತು ಬಂದಾಗಲೆಲ್ಲ ಅವರು ಹಾಗೆ ಮಾಡುತ್ತಿದ್ದರು. "ನೋಡ್ರಿ ಬಾಯಿ, ಸಭಾ ಅಂದ್ರ ಅಂಗಳದಾಗ ಕುಂತವರು. ಸಜ್ಜಾದಾಗ ಕುಂತವರು ಪ್ರೇಕ್ಷಕರು." ಪರದೆಯ ಹಿಂದೆ ಯಾರ ಕೈ ಯಾರದೆಂದು ಎಣಿಸುವುದು ಹೇಗೆ ಎಂದೂ ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ. ಅತ್ತೆ ಬರಿಗೈಯಲ್ಲಿ ಮನೆಗೆ ಬಂದು ಒಂದು ಹೊತ್ತು ಊಟ ಬಿಟ್ಟಳು. ಚಳವಳಿಯಲ್ಲ, ಸಿಟ್ಟು.

ಸಂಕ್ರಾಂತಿಯ ಯೋಜನೆಯೂ ವಕೀಲರದೇ. ವಾಡೆಯ ವ್ಯಾಪಾರಿಯ ತಾಯಿ, ಎಲ್ಲರೂ ಅವ್ವಾರು ಎಂದು ಕರೆಯುತ್ತಿದ್ದ ಹಿರಿಯ ಮುತ್ತೈದೆ, ಆ ದಿನ ಅರಿಶಿನ ಕುಂಕುಮಕ್ಕೆ ಊರಿನ ಕನ್ನಡ ಹೆಂಗಸರನ್ನೆಲ್ಲ ಕರೆದಿದ್ದರು. ಸಭೆಯನ್ನೂ ಅದೇ ದಿನ ಇಟ್ಟರೆ ಮೇಲೆ ಸಜ್ಜಾ ತುಂಬುತ್ತದೆ. ಮಹಿಳೆಯರೂ ಬಹುಸಂಖ್ಯೆಯಲ್ಲಿ ನೆರೆದಿದ್ದರು ಎಂದು ಪತ್ರಿಕೆಗೆ ಬರೆದು ಕಳಿಸಬಹುದು. ಆದರೆ ಕುಂಕುಮ ಹಚ್ಚಿಸಿಕೊಂಡ ಹೆಂಗಸರು ಭಾಷಣ ಕೇಳಲು ನಿಲ್ಲುವುದಿಲ್ಲ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಆದ್ದರಿಂದ ಕುಂಕುಮ ಭಾಷಣದ ನಂತರ ಎಂದು ಗೊತ್ತುಮಾಡಿದರು. ಕುಂಕುಮವಿಲ್ಲದೆ ನಮ್ಮ ಹೆಂಗಸರು ಕರೆದ ಮನೆಯಿಂದ ಏಳುವುದಿಲ್ಲ. ವಾಡೆಗೆ ಬೆಂಕಿ ಬಿದ್ದರೂ ಹಣೆ ಮುಂದೆ ಮಾಡಿ ಕಾಯುವವರು. ಭರಣಿಗಳು, ತಾಟು, ಬಾಗಿನಕ್ಕೆ ತಂದ ಬಾಚಣಿಗೆಗಳು, ಎಲ್ಲವನ್ನೂ ಕೆಳಗೆ ಮೆಟ್ಟಿಲ ಬುಡದಲ್ಲಿ ಒಂದು ಮಣೆಯ ಮೇಲೆ ಇಟ್ಟಿದ್ದರು.

ಆ ಮಣೆಯ ಪಕ್ಕ ಕೊನೆಯ ಮೆಟ್ಟಿಲ ಮೇಲೆ ಅತ್ತೆ ಕುಳಿತಿದ್ದಳು. ಅರಿಶಿನ ಕುಂಕುಮಕ್ಕೆ ವಿಧವೆಯರನ್ನು ಕರೆಯುವುದಿಲ್ಲ, ಆದ್ದರಿಂದ ಮೇಲೆ ಜಾಗವಿಲ್ಲ. ಅಂಗಳ ಗಂಡಸರದು, ಆದ್ದರಿಂದ ಕೆಳಗೂ ಇಲ್ಲ. ಇಡೀ ವಾಡೆಯಲ್ಲಿ ಇಷ್ಟು ತಂಪಾದ ಜಾಗ ಇನ್ನೊಂದಿಲ್ಲ, ಎರಡೂ ಕಡೆಯ ಮಾತು ಕೇಳುತ್ತದೆ ಎಂದು ಅವಳು ನನಗೆ ಹೇಳಿದ್ದಳು.

ಇನ್ನು ಐದೂ ಹತ್ತಕ್ಕೆ ಬರುತ್ತೇನೆ. ನಾನು ದಿನವೂ ಅಲ್ಲಿಗೆ ಬರುತ್ತಿರುತ್ತೇನೆ.

ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರ ಓದಿದ್ದೆ. ತೊಲೆ ಮುರಿಯುತ್ತಿದೆ, ತೊಲೆಯ ಮೇಲೆ ನಾವಿದ್ದೇವೆ, ಆದ್ದರಿಂದ ಎಂಬಲ್ಲಿಗೆ ಬಂದು ನನ್ನ ಬುದ್ಧಿ ನಿಂತುಬಿಟ್ಟಿತು. ಕೂಗಲಿಲ್ಲ. ಧೈರ್ಯದಿಂದಲ್ಲ, ಕೂಗಬೇಕೆಂದು ಹೊಳೆಯಲೇ ಇಲ್ಲ. ಎದ್ದೆ. ಕುಳಿತವರ ಮೊಣಕಾಲುಗಳ ನಡುವೆ ಒಂದೊಂದೇ ಹೆಜ್ಜೆ ಇಡುತ್ತ, ಬೆಕ್ಕಿನ ಹಾಗೆ ಮೆಟ್ಟಿಲ ಕಡೆ ನಡೆದೆ. ಎಲ್ಲಿಗೆ ಹೊರಟೆಯವಾ, ಇನ್ನೂ ಕುಂಕುಮ ಆಗಿಲ್ಲ ಎಂದು ಇಬ್ಬರು ಸೆರಗು ಹಿಡಿದು ಎಳೆದರು. ವಾಡೆಗಳ ಮೆಟ್ಟಿಲು ಕಂಡವರಿಗೆ ಗೊತ್ತು: ಗೋಡೆಯೊಳಗೆ ಕೊರೆದ ಕಡಿದಾದ ಬಿಲ, ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತುವ ಹಾಗಿಲ್ಲ. ಸಜ್ಜಾದಿಂದ ಇಳಿಯಲು ಇದ್ದ ದಾರಿ ಅದೊಂದೇ.

ಕೆಳಗಿಳಿದು ಅತ್ತೆಯ ಕಿವಿಯಲ್ಲಿ ಹೇಳಿದೆ. ಅವಳು ತಲೆಯೆತ್ತಿ ಮೇಲಿನ ತೊಲೆ ನೋಡಿದಳು. ಅದರ ಒಂದು ತುದಿ, ನಾನು ಕುಳಿತಿದ್ದ ಮೂಲೆಯ ಕೆಳಗೆ, ಬಾಯಿ ಬಿಟ್ಟಿತ್ತು.

"ಯಾರಿಗರೆ ಹೇಳಿದ್ಯಾ?"

"ಇಲ್ಲ ಅತ್ತಿ."

"ಹೇಳಬ್ಯಾಡ. ಹೇಳಿದ್ರ ಎಲ್ಲಾರೂ ಒಮ್ಮೆಲೇ ಎದ್ದು ಈ ಬಾಗಲಾಗ ಬೀಳ್ತಾರ." ಅವಳು ಕುಂಕುಮದ ಭರಣಿಯನ್ನು ಕೈಗೆ ತೆಗೆದುಕೊಂಡಳು. "ಮ್ಯಾಲೆ ಹೋಗು. ಕುಂಕುಮ ಕೆಳಗ ಕೊಡ್ಲಿಕ್ಕತ್ತಾರ ಅಂತ ಹೇಳು. ಆ ಮೂಲ್ಯಾಗ ಕುಂತವರನ್ನ ಮೊದಲ ಎಬ್ಬಿಸು. ನೀ ಕಡೀಕ ಬಾ."

ಮೇಲೆ ಹೋಗು ಎಂದಳು. ನಾನು ಹೋದೆ. ಈಗ ಎಷ್ಟೋ ವರ್ಷಗಳಾದರೂ ಆ ಮೆಟ್ಟಿಲು ಮತ್ತೆ ಹತ್ತುತ್ತೇನೆ. ಪ್ರತಿ ಸಲವೂ, ಈ ಸಲ ಹತ್ತುವುದಿಲ್ಲ ಎಂದುಕೊಂಡೇ ಹತ್ತುತ್ತೇನೆ.

ಕುಂಕುಮ ಕೆಳಗೆ ಎಂದು ಹೇಳಿದೆ. ಭಾಷಣ ಇನ್ನೂ ಮುಗಿದಿಲ್ಲವಲ್ಲ ಎಂದರು ಅವ್ವಾರು. ಅದು ಮುಗಿಯುವ ಭರವಸೆ ಇಲ್ಲ ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಸಜ್ಜಾ ಎಲ್ಲ ನಕ್ಕಿತು. ನಗುವಿಗೆ ಹಲಗೆಗಳು ಅಲುಗಿದವು. ನಗಿಸಬಾರದಾಗಿತ್ತು.

ಮೂಲೆಯವರು ಎದ್ದರು. ಏಳುವುದೆಂದರೆ ಒಮ್ಮೆಗೇ ಏಳುವುದೇ? ಶಾಲು ಹುಡುಕಬೇಕು, ಮಲಗಿದ ಕೂಸನ್ನು ಎತ್ತಿಕೊಳ್ಳಬೇಕು, ಕುಸುರೆಳ್ಳಿನ ಪೊಟ್ಟಣ ಕಟ್ಟಬೇಕು. ಒಬ್ಬರು ಬೆಳ್ಳಿ ಡಬ್ಬಿ ಮರೆತೆನೆಂದು ಆ ಮೂಲೆಗೇ ತಿರುಗಿ ಹೊರಟರು. ನಾನು ಅವರ ಸೆರಗು ಹಿಡಿದುಕೊಂಡು, ನಿಮ್ಮ ಸೀರೆ ಎಲ್ಲಿಯದು ಎಂದು ಕೇಳಿದೆ. ಆ ಪ್ರಶ್ನೆ ಕೇಳಿದರೆ ಯಾವ ಹೆಂಗಸಾದರೂ ನಿಲ್ಲುತ್ತಾಳೆ. ಎಲ್ಲರೂ ಮೆಟ್ಟಿಲ ಬಾಯಿಗೆ ಬಂದು ಸೇರಿದ ಮೇಲೆ ಶುರುವಾಯಿತು ನಮ್ಮವರ ಮರ್ಯಾದೆ.

"ನೀವು ಮುಂದ ಆಗ್ರಿ."

"ಛೇ, ನಾ ಹ್ಯಾಂಗ ಮುಂದ ಆಗ್ಲಿ, ನೀವು ಹಿರೇರು."

"ವಯಸ್ಸಿನಾಗ ನಾ ಎಲ್ಲಿ ಹಿರೇಕ್ಯಾರಿ? ಮೊದಲ ನೀವು ಹೋಗ್ರಿ."

ನನ್ನ ಬೆನ್ನ ಹಿಂದೆ ಇನ್ನೊಂದು ಸಲ ಟಕ್ಕೆಂದಿತು. ಹಿರಿತನದ ಈ ವ್ಯಾಜ್ಯ ಕೊನೆಗೆ ಅವ್ವಾರ ಮೇಲೆ ತೀರ್ಮಾನವಾಗಿ, ಅವರು ಗೋಡೆ ಹಿಡಿದುಕೊಂಡು ಇಳಿಯತೊಡಗಿದರು. ಕೊನೆಯ ಮೆಟ್ಟಿಲ ಹತ್ತಿರ ನಿಂತುಬಿಟ್ಟರು. ಭರಣಿ ಹಿಡಿದು ನಿಂತವಳು ಅತ್ತೆ ಎಂದು ಅವರಿಗೆ ಆಗ ಕಂಡಿತು.

ಅವರ ಹಿಂದೆ ಇಡೀ ಬಿಲ ಹೆಂಗಸರಿಂದ ತುಂಬಿ ನಿಂತಿತ್ತು. ಮೇಲೆ ಉಳಿದವರು ಮುಂದೆ ಒತ್ತುತ್ತಿದ್ದರು. ಅತ್ತೆ ಸ್ವರ ಎತ್ತಲಿಲ್ಲ. ಅವಳು ಹೇಳಿದ್ದನ್ನು ಎರಡನೆಯ ಮೆಟ್ಟಿಲಲ್ಲಿದ್ದವರಿಂದ ಆಮೇಲೆ ತಿಳಿದುಕೊಂಡೆ.

"ಅವ್ವಾರ, ಮ್ಯಾಲೆ ತೊಲಿ ಮುರದದ. ಹಣಿ ಮುಂದ ಮಾಡ್ರಿ."

ಅವ್ವಾರು ಅವಳ ಮುಖ ನೋಡಿದರು. ಆಮೇಲೆ ತಲೆಬಾಗಿಸಿದರು. ಅತ್ತೆ ಕುಂಕುಮ ಹಚ್ಚಿದಳು. ಗಂಡ ಸತ್ತ ಮೇಲೆ ಅವಳ ಬೆರಳು ಕುಂಕುಮ ಮುಟ್ಟಿದ್ದು ಅಂದೇ ಮೊದಲು. ಅವ್ವಾರು ಒಂದು ಹೆಜ್ಜೆ ಆಚೆಗೆ ಸರಿದು ಅವಳ ಪಕ್ಕದಲ್ಲೇ ನಿಂತು, ಬಾಜಾರದಲ್ಲಿ ಬೆಲೆ ಕೂಗುವ ಸ್ವರದಲ್ಲಿ ಮೇಲಕ್ಕೆ ಹೇಳಿದರು: "ಭಾಳ ಛಲೋ ಕುಂಕುಮ ಅದ. ಲಗೂ ಬರ್ರೆವಾ."

ಅವ್ವಾರೇ ಹಚ್ಚಿಸಿಕೊಂಡ ಮೇಲೆ ಉಳಿದವರು ಏನು ಹೇಳಿಯಾರು? ಒಬ್ಬೊಬ್ಬರಾಗಿ ಇಳಿದರು. ಅತ್ತೆಯ ಕೈ ಓಡುತ್ತಿತ್ತು. ಹಣೆಯ ನಡುವೆ ಬಿದ್ದ ಕುಂಕುಮ ಕಡಿಮೆ. ಹುಬ್ಬಿಗೆ, ಮೂಗಿಗೆ, ಒಂದು ಕೂಸಿನ ಕಿವಿಗೆ. ಬಾಗಿನದ ಬಾಚಣಿಗೆ ಎಲ್ಲಿ ಎಂದು ಕೇಳಿ ನಿಂತವರನ್ನು ಅವ್ವಾರು ಬೆನ್ನಿಗೆ ಕೈ ಹಾಕಿ ಮುಂದೆ ನೂಕಿದರು. ಮುಂದೆ ಎಂದರೆ ಅಂಗಳ. ಓಣಿಯ ಬಾಗಿಲು ಅದರ ಆಚೆಗಿತ್ತು, ಬೇರೆ ದಾರಿ ಇರಲಿಲ್ಲ.

ವಕೀಲರು ಇನ್ನೂ ಮಾತಾಡುತ್ತಿದ್ದರು. ಅವರೆದುರಿಗೆ ಹೆಂಗಸರು ಒಬ್ಬರ ಹಿಂದೊಬ್ಬರು ಬಂದು ನಿಂತರು. ನಿಂತವರು ಏನು ಮಾಡಬೇಕೆಂದು ತಿಳಿಯದೆ ಕುಳಿತರು. ಗಂಡಸರು ಸರಿದರು. ಇನ್ನಷ್ಟು ಬಂದರು, ಇನ್ನಷ್ಟು ಸರಿದರು. ಸ್ತ್ರೀಯರು ಮುಂದೆ ಬರಬೇಕು ಎಂಬ ಭಾಗಕ್ಕೆ ವಕೀಲರ ಭಾಷಣ ಆಗ ಬಂದಿತ್ತೆಂದು ಗಂಡಸರೇ ನಮಗೆ ಹೇಳಿದ್ದಾರೆ. ತಮ್ಮ ಮಾತಿಗೆ ಇಷ್ಟು ಬೇಗ ಪರಿಣಾಮ ಆದದ್ದನ್ನು ಕಂಡು ಅವರಿಗೆ ಆನಂದವಾಗಿರಬೇಕು.

ನಾನು ಕೊನೆಯವಳು. ಮೆಟ್ಟಿಲಿಗೆ ಎರಡೂ ಕಾಲು ಇಟ್ಟಿದ್ದೆ. ಹಿಂದೆ ತಿರುಗಿ ನೋಡಬಾರದಾಗಿತ್ತು, ನೋಡಿದೆ. ನಾನು ಕುಳಿತಿದ್ದ ಮೂಲೆ ಮೊದಲು ತಲೆಬಾಗಿತು, ಅದೂ ಮರ್ಯಾದೆಯಿಂದ, ನಿಧಾನವಾಗಿ. ಆಮೇಲೆ ಒಮ್ಮೆಲೇ ಇರಲಿಲ್ಲ. ಸದ್ದು ನನಗೆ ನೆನಪಿಲ್ಲ. ಬಾಯಿಯಲ್ಲಿ ಸುಣ್ಣದ ಧೂಳಿನ ರುಚಿ ನೆನಪಿದೆ.

ತೊಲೆ, ಹಲಗೆ, ಪರದೆ ಎಲ್ಲ ಬಿದ್ದದ್ದು ಗಂಡಸರ ಚಪ್ಪಲಿಗಳ ಮೇಲೆ. ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ. ವಕೀಲರು ಮಾತಿನ ನಡುವೆ ನಿಂತರು. ಅವರ ಸಾರ್ವಜನಿಕ ಜೀವನದಲ್ಲಿ ಅದು ಮೊದಲನೆಯ ಸಲ.

ಧೂಳು ಇಳಿದಾಗ ಹೆಂಗಸರಿಗೆ ತಾವು ಎಲ್ಲಿಂದ ಇಳಿದು ಬಂದೆವೆಂಬುದು ಕಂಡಿತು. ಕೆಲವರು ಅತ್ತರು. ಕೆಲವರು ಹಣೆ ಮುಟ್ಟಿ ನೋಡಿಕೊಂಡರು. ವಕೀಲರು, ದೇವರು ದೊಡ್ಡವನು, ಸಭೆ ಇಲ್ಲಿಗೆ ಮುಗಿಯಿತು ಎಂದರು. ಆಗ ಅತ್ತೆ ಮೆಟ್ಟಿಲ ಬುಡದಿಂದ ಅಂಗಳಕ್ಕೆ ಬಂದಳು. ಕೈ ಮುಂಗೈವರೆಗೆ ಕೆಂಪಾಗಿತ್ತು.

"ಠರಾವು ಆಗಿಲ್ಲಲ್ರಿ, ವಕೀಲಸಾಹೇಬ್ರ."

ಇಂಥ ಹೊತ್ತಿನಲ್ಲಿ ಠರಾವೇ ಎಂದು ಅವರು ಕೇಳಿದರು.

"ಸಭಾ ಅಂದ್ರ ಅಂಗಳದಾಗ ಕುಂತವರು ಅಂತ ನೀವ ಹೇಳಿದ್ರಿ. ನೋಡ್ರಿ, ಎಲ್ಲಾರೂ ಅಂಗಳದಾಗ ಕುಂತಾರ."

ವಕೀಲರು ಕನ್ನಡಕ ತೆಗೆದರು. ಒರೆಸಲು ಧೋತರದ ಚುಂಗು ಹುಡುಕಿದರು, ಅದೂ ಧೂಳಾಗಿತ್ತು. ಅವರಿಗೆ ಇಲ್ಲ ಎನ್ನಲಾಗಲಿಲ್ಲ, ಏಕೆಂದರೆ ಅವರು ನಿಜಕ್ಕೂ ಕಾಯ್ದೆಯ ಮನುಷ್ಯ. ಅತ್ತೆಯ ವಾಕ್ಯವನ್ನು ತಾವೇ ಓದಿ ಹೇಳಿ, ಒಪ್ಪಿದವರು ಕೈಯೆತ್ತಿರಿ ಎಂದರು. ಮೊದಲು ಯಾರ ಕೈಯೂ ಏಳಲಿಲ್ಲ. ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ಹುಡುಕಿ ನೋಡಿದರು. ಗಂಡಂದಿರು ಮುರಿದ ತೊಲೆಯನ್ನು ನೋಡುತ್ತಿದ್ದರು. ಅವ್ವಾರು ಎತ್ತಿದರು. ಆಮೇಲೆ ಸೆರಗಿನ ಮರೆಯಲ್ಲಿ ಅರ್ಧ ಎದ್ದ ಕೈಗಳು, ಕೂಸಿನ ಕೈ ಹಿಡಿದು ಎತ್ತಿಸಿದವು, ಕುಸುರೆಳ್ಳಿನ ಪೊಟ್ಟಣ ಹಿಡಿದವು. ಗಂಡಸರಲ್ಲೂ ಬಹಳ ಮಂದಿ ಎತ್ತಿದರು. ಒಪ್ಪದವರು ಎಂದಾಗ ಇಬ್ಬರು ಮೂವರು ಹೆಂಗಸರು ಆಗಲೂ ಕೈಯೆತ್ತಿದರು, ಆ ಕಡೆಯವರಿಗೆ ಬೇಸರವಾಗದಿರಲಿ ಎಂದು. ವಕೀಲರು ಎಣಿಸುತ್ತ ಹೋಗಿ ಒಂದು ಕಡೆ ತಡವರಿಸಿದರು. ಅಲ್ಲಿ ಅವರ ಹೆಂಡತಿಯ ಕೈ ಎದ್ದಿತ್ತು. ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಬೇಕಾಯಿತು. ಠರಾವು ಪಾಸಾಯಿತು. ಗಂಡಸರು ಬರಿಗಾಲಲ್ಲಿ ಮನೆಗೆ ಹೋದರು.

ವಾಕ್ಯ ದೆಹಲಿಗೆ ಹೋಯಿತು. ಉತ್ತರ ಬರಲಿಲ್ಲ. ಕೆಲವು ವರ್ಷಗಳ ನಂತರ ಸಂವಿಧಾನ ಬಂದಾಗ ಅತ್ತೆ ಅದನ್ನು ಓದಿ, ನನ್ನ ವಾಕ್ಯದ ಮೊದಲ ಅರ್ಧ ತಲುಪಿದೆ, ಉಳಿದರ್ಧ ಇನ್ನೂ ಟಪಾಲಿನಲ್ಲಿದೆ ಎಂದಳು.

ಆದರೆ ಆ ಸಂಕ್ರಾಂತಿಯ ನಂತರ ಪೇಟೆಯ ಕನ್ನಡಿಗರಲ್ಲಿ ನಡೆದ ಚರ್ಚೆ ಸಂವಿಧಾನದ್ದಲ್ಲ. ವಿಧವೆಯ ಕೈಯ ಕುಂಕುಮ ನಡೆಯುತ್ತದೋ ಇಲ್ಲವೋ ಎಂಬುದು. ಕೆಲವರು ಮರುದಿನವೇ ಗುಡಿಗೆ ಹೋಗಿ ಬೇರೆ ಹಚ್ಚಿಸಿಕೊಂಡು ಬಂದರು. ಪ್ರಾಣ ಉಳಿಸಿದ ಕುಂಕುಮವನ್ನು ಒರೆಸುವುದು ಹೇಗೆ ಎಂದು ಇನ್ನು ಕೆಲವರು ಎರಡು ದಿನ ಮುಖ ತೊಳೆಯಲಿಲ್ಲ. ಅತ್ತೆ ಎರಡೂ ಪಕ್ಷದವರಿಗೆ ಚಹ ಕೊಟ್ಟಳು. ವಕೀಲರು ಬಂದು ಒಂದು ಸಂತೋಷದ ಸುದ್ದಿ ಹೇಳಿದರು: ವ್ಯಾಪಾರಿ ಸಜ್ಜಾಕ್ಕೆ ಹೊಸ ಸಾಗವಾನಿ ತೊಲೆ ಹಾಕಿಸುತ್ತಿದ್ದಾರೆ. ಇನ್ನು ಮೇಲೆ ಎರಡರಷ್ಟು ಹೆಣ್ಣುಮಕ್ಕಳು ಮೇಲೆ ಕೂಡಬಹುದು. ಅವರು ಹೋದ ಮೇಲೆ ಅತ್ತೆ ಚಹದ ಕಪ್ಪುಗಳನ್ನು ತೊಳೆಯಲು ಕುಳಿತಳು. ಅಂಗಳದಲ್ಲಿ ಎತ್ತಿದ ಕೈಗಳೆಲ್ಲ ಸಾಗವಾನಿಯ ಮೇಲೆ ಮತ್ತೆ ಪ್ರೇಕ್ಷಕರಾಗುವುದು ಅವಳಿಗೆ ಕಾಣುತ್ತಿತ್ತು. ಯುಗಾದಿಗೆ ಮಂಡಳಿಯ ಹೊಸ ಕಮಿಟಿ ಆರಿಸುವುದಿತ್ತು.

ನನ್ನ ಪಾಡು ಬೇರೆ. ನಮ್ಮ ಬಿಡಾರವೂ ವಾಡೆಯೊಂದರ ಮೇಲಂತಸ್ತಿನಲ್ಲಿ, ನೆಲವೂ ಮರದ್ದೇ. ಇಲಿ ಓಡಿದರೂ ಎದ್ದು ಕೂಡುತ್ತಿದ್ದೆ. ಕಣ್ಣು ಮುಚ್ಚಿದರೆ ಅತ್ತೆ ಮೇಲೆ ಹೋಗು ಎನ್ನುತ್ತಿದ್ದಳು. ಕೊನೆಗೆ ಹಾಸಿಗೆ ಎತ್ತಿಕೊಂಡು ಕೆಳಗೆ ಮನೆಯೊಡತಿಯ ಪಡಸಾಲೆಗೆ ಹೋದೆ. ಬಿ.ಎ. ಆದವಳು ಕಟ್ಟಿಗೆಗೆ ಹೆದರುತ್ತೀಯಾ ಎಂದು ಆಕೆ ಮರಾಠಿಯಲ್ಲಿ ನಕ್ಕು, ಒಂದು ಚಾದರ ಕೊಟ್ಟಳು. ಕಲ್ಲಿನ ನೆಲದ ಮೇಲೂ ನಿದ್ದೆ ಬರಲಿಲ್ಲ. ಈಗ ತಲೆಯ ಮೇಲೆ ತೊಲೆಗಳಿದ್ದವು.

ಯುಗಾದಿಯ ಸಭೆಗೆ ನಾನು ಬರುವುದಿಲ್ಲ ಎಂದೆ. ಅತ್ತೆ ಒತ್ತಾಯ ಮಾಡಲಿಲ್ಲ, ಆದರೆ ನನ್ನ ಸೀರೆಯನ್ನು ಮಡಿಚಿ ಹೊರಗಿಟ್ಟಿದ್ದಳು. ಹೋದೆವು. ಹೊಸ ತೊಲೆ ಎಣ್ಣೆ ಹಚ್ಚಿಸಿಕೊಂಡು ಮಿನುಗುತ್ತಿತ್ತು. ವಕೀಲರು ಅದರ ಕೆಳಗೆ ನಿಂತು ಬಂದ ಹೆಂಗಸರನ್ನೆಲ್ಲ ಮೇಲೆ ಹೋಗಲು ಉಪಚರಿಸುತ್ತಿದ್ದರು. ಅವ್ವಾರು ತಮ್ಮ ಕೋಣೆಯಿಂದ ಬಂದು ಮೆಟ್ಟಿಲನ್ನೊಮ್ಮೆ ನೋಡಿದರು.

"ನನ್ನ ಮೊಣಕಾಲು ಹತ್ತಗೊಡೂದಿಲ್ಲಪಾ," ಎಂದು ಹೇಳಿ, ಅಂಗಳದಲ್ಲಿ ಜಮಖಾನೆಯ ಮುಂದಿನ ಸಾಲಿನಲ್ಲಿ ಕುಳಿತುಬಿಟ್ಟರು.

ಅವರ ಸೊಸೆಗೂ ಮೊಣಕಾಲು ನೋವಿತ್ತು. ಅವಳ ಗೆಳತಿಯರಿಗೂ. ಆ ಸಂಜೆ ಪುಣೆಯ ಕನ್ನಡ ಹೆಂಗಸರ ಮೊಣಕಾಲುಗಳಿಗೆಲ್ಲ ಒಮ್ಮೆಗೇ ವಾತ ಹಿಡಿಯಿತು. ಕಾಲೇಜಿಗೆ ಸೈಕಲ್ ಮೇಲೆ ಹೋಗುವ ಒಬ್ಬ ಹುಡುಗಿ ಕುಂಟುತ್ತ ಬಂದು ಕುಳಿತಳು. ನನ್ನನ್ನು ಕೇಳಿದಾಗ, ನನಗೆ ಹೆದರಿಕೆ ಎಂದು ನಿಜ ಹೇಳಿದೆ. ಯಾರೂ ನಂಬಲಿಲ್ಲ, ಎಷ್ಟು ಚೆನ್ನಾಗಿ ಹೇಳಿದೆ ಎಂದು ಪಕ್ಕದವರು ಚಿವುಟಿದರು.

ಅಂಗಳ ತುಂಬಿ, ತಡವಾಗಿ ಬಂದ ಗಂಡಸರಿಗೆ ಜಾಗ ಉಳಿಯಲಿಲ್ಲ. ಅವರು ಸಜ್ಜಾಕ್ಕೆ ಹತ್ತಬೇಕಾಯಿತು. ಕಮಿಟಿಯ ಆಯ್ಕೆಗೆ ಕೈಯೆತ್ತುವಾಗ ಮೇಲಿನಿಂದ ಒಬ್ಬರು ಪರದೆ ಸರಿಸಿ, ನಮ್ಮ ಕೈ ಲೆಕ್ಕಕ್ಕುಂಟೋ ಎಂದು ಕೇಳಿದರು. ಎಲ್ಲರೂ ವಕೀಲರನ್ನು ನೋಡಿದರು, ವಕೀಲರು ಅತ್ತೆಯನ್ನು.

"ನಿಯಮದ ಪ್ರಕಾರ ಇಲ್ಲ," ಅಂದಳು ಅತ್ತೆ. ಮೇಲಿನವರನ್ನು ಸ್ವಲ್ಪ ಹೊತ್ತು ಕಾಯಿಸಿ, "ನಿಯಮ ಬದಲ ಮಾಡೋಣ್ರಿ. ಮ್ಯಾಲೆ ಕುಂತವರೂ ಮನಶ್ಯಾರ," ಎಂದಳು.

ನಿಯಮ ಬದಲಾಯಿತು, ಮತ್ತು ಅತ್ತೆ ಕಮಿಟಿಗೆ ಆರಿಸಿ ಬಂದಳು. ಗೊತ್ತುಪಡಿಸಿದ ಜಾಗ ಎಂಬುದೇ ಇಲ್ಲದೆ ಆ ವಾಡೆಗೆ ಬಂದುಹೋಗುತ್ತಿದ್ದವಳು ವಕೀಲರ ಪಕ್ಕದಲ್ಲಿ ಲೋಡಿಗೆ ಒರಗದೆ ನೆಟ್ಟಗೆ ಕುಳಿತಳು. ಅವರು ಭಾಷಣಕ್ಕೆ ಏಳಹೋದಾಗ, ವೇಳೆ ಆಗಿದೆ ಎಂದು ಮೆಲ್ಲಗೆ ಹೇಳಿದಳು.

ಮನೆಗೆ ಬಂದು ನಾನು ಹಾಸಿಗೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಮೇಲೆ ಹೋದೆ. ಅತ್ತೆ ಆ ದಿನದ ಮಾತುಗಳನ್ನು ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ಸೈಕಲ್ ಹುಡುಗಿಯ ಕುಂಟಿನವರೆಗೆ ಕೇಳಿಸಿಕೊಂಡದ್ದು ನೆನಪಿದೆ. ಕಣ್ಣು ಬಿಟ್ಟಾಗ ಕೋಣೆಯ ತುಂಬ ಬಿಸಿಲಿತ್ತು. ಅತ್ತೆ ಶಾಲೆಗೆ ಹೋಗಿಬಿಟ್ಟಿದ್ದಳು, ನನ್ನ ಚಹ ಮುಚ್ಚಿಟ್ಟಲ್ಲೇ ಆರಿತ್ತು.